ಇಲಿಯ ಗೂಡಿನಿಂದ ಐಸಿಯುವರೆಗೆ ಜಲಜನಕ

ಸೊಗಡವರೆಯ ಕಾಲದಲ್ಲಿ ಹಿತಕಿದ ಬೇಳೆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡವರ ಕರುಳಿನಲ್ಲಿ ಕೆಲವು ಗಂಟೆಗಳ ಮೇಲೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸಣ್ಣ ಕರುಳಿನಲ್ಲಿ ಅರಗದೆ ಉಳಿದ ಸಕ್ಕರೆಗಳು ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿ ಹುದುಗುತ್ತವೆ. ಆಗ ಹುಟ್ಟುವ ಅನಿಲಗಳಲ್ಲಿ ಜಲಜನಕವೂ ಒಂದು. ಅದರಲ್ಲಿ ಒಂದಷ್ಟು ಯಾವ ದಾರಿಯಲ್ಲಿ ಹೊರಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಉಳಿದದ್ದು ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಿನ ಜತೆ ಹೊರಬೀಳುತ್ತದೆ. ಹಾಲು ಅರಗದವರಿಗೆ ಹೊಟ್ಟೆಯ ಡಾಕ್ಟರು ಬರೆದುಕೊಡುವ ‘ಹೈಡ್ರೋಜನ್ ಬ್ರೆತ್ ಟೆಸ್ಟ್’ ನಿಂತಿರುವುದೇ ಇದರ ಮೇಲೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಕ್ಟೋಸ್ ಕದಡಿದ ನೀರು ಕುಡಿಸಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಕೊಳವೆಗೆ ಊದಿಸುತ್ತಾರೆ. ಉಸಿರಿನಲ್ಲಿ ಜಲಜನಕ ಮೊದಲಿಗಿಂತ ಹತ್ತು ಲಕ್ಷಕ್ಕೆ 20 ಭಾಗ ಹೆಚ್ಚಾದರೆ ಹಾಲಿನ ಸಕ್ಕರೆ ಅರಗುತ್ತಿಲ್ಲ ಎಂದು ಲೆಕ್ಕ.

ಹೀಗೆ ದಿನವೂ ನಮ್ಮೊಳಗೆ ಹುಟ್ಟಿ ಹೊರಹೋಗುವ ಈ ಅನಿಲಕ್ಕೆ ದೇಹದಲ್ಲಿ ಏನೂ ಕೆಲಸವಿಲ್ಲ ಎಂದೇ ವೈದ್ಯಶಾಸ್ತ್ರ ಬಹುಕಾಲ ನಂಬಿತ್ತು. ಜಲಜನಕವನ್ನು ಒಡೆದು ಬಳಸಿಕೊಳ್ಳುವ ಕಿಣ್ವ ಕೆಲವು ಬ್ಯಾಕ್ಟೀರಿಯಾಗಳಲ್ಲಿದೆ, ಮನುಷ್ಯನ ಜೀವಕೋಶಗಳಲ್ಲಿಲ್ಲ. ಕಳೆದ ಎರಡು ದಶಕಗಳಲ್ಲಿ ಮಾತ್ರ ಜಪಾನ್, ಅಮೆರಿಕ, ಚೀನಾಗಳ ಪ್ರಯೋಗಾಲಯಗಳಿಂದ ಬೇರೆಯೇ ಸುದ್ದಿ ಬರುತ್ತಿದೆ. ಏಟು ತಿಂದ ಶ್ವಾಸಕೋಶವನ್ನು ಈ ಅನಿಲ ಕಾಪಾಡಬಲ್ಲದು ಎಂಬ ಸುದ್ದಿ. ಅದರ ಬೆನ್ನಿಗೇ ಜಲಜನಕದ ನೀರು, ಜಲಜನಕದ ಬಾಟಲಿ, ಮನೆಯಲ್ಲೇ ಮೂಗಿಗೆ ಕೊಳವೆ ಇಟ್ಟುಕೊಂಡು ಎಳೆಯುವ ಯಂತ್ರ ಎಲ್ಲವೂ ಮಾರುಕಟ್ಟೆಗೆ ಬಂದಿವೆ. ಸುದ್ದಿಯಲ್ಲಿ ಹುರುಳಿದೆ. ಆದರೆ ಆ ಹುರುಳು ಇರುವ ಜಾಗ ಬೇರೆ, ಮಾರಾಟ ನಡೆದಿರುವ ಜಾಗ ಬೇರೆ ಎಂಬುದು ನನ್ನ ಎಣಿಕೆ.

ಶ್ವಾಸಕೋಶಕ್ಕೆ ಏಟು ಬೀಳುವುದೆಂದರೇನು ಎಂದು ಕೋವಿಡ್ ನಮಗೆಲ್ಲ ಪಾಠ ಹೇಳಿಬಿಟ್ಟಿದೆ. 2021ರ ಬೇಸಿಗೆಯಲ್ಲಿ ಹಳ್ಳಿಯ ಅಂಗಡಿ ಜಗಲಿಯ ಮೇಲೂ ‘ಸ್ಯಾಚುರೇಷನ್ ಎಷ್ಟಿದೆ’ ಎಂಬ ಮಾತು ಕೇಳುತ್ತಿತ್ತು. ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳ ಗೋಡೆಗೂ ರಕ್ತನಾಳಕ್ಕೂ ನಡುವಿನ ಪೊರೆ ಒಂದು ಮೈಕ್ರಾನಿಗಿಂತ ತೆಳು. ನ್ಯುಮೋನಿಯಾ, ರಕ್ತಕ್ಕೇರಿದ ಸೋಂಕು, ದೊಡ್ಡ ಅಪಘಾತ, ವಿಷ, ಹೀಗೆ ಯಾವುದೇ ಕಾರಣಕ್ಕೆ ಆ ಪೊರೆ ಕೆಟ್ಟರೆ ರಕ್ತದ ನೀರು, ಪ್ರೋಟೀನು ಚೀಲಕ್ಕೆ ಸೋರುತ್ತದೆ. ಬಿಳಿ ರಕ್ತಕಣಗಳು ಮುಗಿಬೀಳುತ್ತವೆ. ಸೋಂಕನ್ನು ಸುಡಲೆಂದು ಅವು ಬಿಡುವ ಉಗ್ರ ಆಮ್ಲಜನಕದ ಕಣಗಳು ಸ್ವಂತ ಅಂಗಾಂಶವನ್ನೂ ಸುಡುತ್ತವೆ. 1967ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯರು ಇಂಥ 12 ರೋಗಿಗಳ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಮುಂದೆ ಅದಕ್ಕೆ ಎಆರ್‌ಡಿಎಸ್ ಎಂಬ ಹೆಸರು ನಿಂತಿತು.

ಅಲ್ಲಿಂದೀಚೆಗೆ ಅರ್ಧ ಶತಮಾನ ಕಳೆದರೂ ಎಆರ್‌ಡಿಎಸ್‌ಗೆಂದೇ ಒಂದು ಮದ್ದು ಸಿಕ್ಕಿಲ್ಲ. ಸಿಕ್ಕಿರುವ ದೊಡ್ಡ ಗೆಲುವೆಂದರೆ ವೆಂಟಿಲೇಟರನ್ನು ಮೆಲ್ಲಗೆ ನಡೆಸುವುದು. 2000ದಲ್ಲಿ ಪ್ರಕಟವಾದ ಅಮೆರಿಕದ 861 ರೋಗಿಗಳ ಅಧ್ಯಯನದಲ್ಲಿ, ಪ್ರತಿ ಉಸಿರಿಗೆ ದೇಹತೂಕದ ಕೆ.ಜಿ.ಗೆ 12 ಮಿ.ಲೀ. ಗಾಳಿ ತುಂಬುವ ಬದಲು 6 ಮಿ.ಲೀ. ತುಂಬಿದಾಗ ಸಾವು ಸುಮಾರು ಶೇ 40ರಿಂದ ಶೇ 31ಕ್ಕೆ ಇಳಿಯಿತು. ಅಂದರೆ ಉಳಿಸಲೆಂದು ಹಾಕಿದ ಯಂತ್ರವೇ ಹಾನಿಯನ್ನೂ ಮಾಡುತ್ತಿತ್ತು. ಆಮ್ಲಜನಕದ ಕಥೆಯೂ ಹಾಗೆಯೇ. ಜೀವ ಉಳಿಸಲು ಅದು ಬೇಕೇ ಬೇಕು. ಆದರೆ ಬಹಳ ಹೆಚ್ಚಿನ ಪ್ರಮಾಣದಲ್ಲಿ ಬಹಳ ಹೊತ್ತು ಕೊಟ್ಟರೆ ಅದೇ ಗಾಳಿಚೀಲಗಳನ್ನು ಕೆಡಿಸುತ್ತದೆ. ಈ ಇಕ್ಕಟ್ಟಿನ ನಡುವೆ ಜಲಜನಕ ಬಂದು ನಿಂತಿದೆ.

ಬಂದದ್ದು ಮಾತ್ರ ಮಿದುಳಿನ ದಾರಿಯಿಂದ. ಟೋಕಿಯೊದ ನಿಪ್ಪಾನ್ ಮೆಡಿಕಲ್ ಸ್ಕೂಲ್‌ನ ಇಕುರೊ ಒಸಾವಾ, ಶಿಗಿಯೊ ಓಟಾ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಒಂದು ಪ್ರಬಂಧ ಬರೆದರು. ಇಲಿಗಳ ಮಿದುಳಿನ ರಕ್ತನಾಳವನ್ನು 90 ನಿಮಿಷ ಕಟ್ಟಿ ಬಿಚ್ಚಿದಾಗ ಆಗುವ ಹಾನಿ, ಉಸಿರಿನಲ್ಲಿ ಶೇ 2ರಷ್ಟು ಜಲಜನಕ ಬೆರೆಸಿದರೆ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಜಲಜನಕವನ್ನು ಔಷಧವಾಗಿ ಯೋಚಿಸಿದ್ದು ಅವರೇ ಮೊದಲಲ್ಲ. 1975ರಲ್ಲೇ ಅಮೆರಿಕದಲ್ಲಿ ಚರ್ಮದ ಗೆಡ್ಡೆಯಿದ್ದ ಇಲಿಗಳನ್ನು ಎಂಟು ಪಟ್ಟು ವಾಯುಭಾರದ ಕೋಣೆಯಲ್ಲಿ ಶೇ 97.5 ಜಲಜನಕದೊಳಗೆ ಇಟ್ಟು ಗೆಡ್ಡೆ ಕರಗಿದ್ದನ್ನು ‘ಸೈನ್ಸ್’ ಪತ್ರಿಕೆ ಅಚ್ಚು ಹಾಕಿತ್ತು. ಆದರೆ ಅಂಥ ಒತ್ತಡದ ಕೋಣೆಯನ್ನು ಆಸ್ಪತ್ರೆಗೆ ತರುವವರು ಯಾರು? ಜಪಾನಿನವರ ಶೇ 2 ಸುಲಭದ ಮಾತು. ಅದಕ್ಕಿಂತ ಆಕರ್ಷಕವಾಗಿದ್ದುದು ಅವರು ಕೊಟ್ಟ ವಿವರಣೆ. ಫ್ರೀ ರ‍್ಯಾಡಿಕಲ್‌ ಎಂಬ ಈ ಉಗ್ರ ಕಣಗಳೆಲ್ಲ ಕೆಟ್ಟವಲ್ಲ, ಕೆಲವು ಜೀವಕೋಶಗಳ ಮಾತುಕತೆಗೆ ಬೇಕು. ಜಲಜನಕ ಅವನ್ನು ಬಿಟ್ಟು, ಅತ್ಯುಗ್ರವಾದ ಹೈಡ್ರಾಕ್ಸಿಲ್ ಮತ್ತು ಪೆರಾಕ್ಸಿನೈಟ್ರೈಟ್‌ಗಳನ್ನು ಮಾತ್ರ ಆರಿಸಿ ತಣ್ಣಗಾಗಿಸುತ್ತದೆ ಎಂದರು.

ಶ್ವಾಸಕೋಶದತ್ತ ಇದನ್ನು ತಿರುಗಿಸಿದ್ದು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದ ಅತ್ಸುನೊರಿ ನಕಾವೊ ಅವರ ಬಳಗ. 2010ರ ಅವರ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬಹುದು. ಅರಿವಳಿಕೆ ಕೊಟ್ಟ ಪುಟ್ಟ ಇಲಿಗಳ ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದರು. ಪ್ರತಿ ಉಸಿರಿಗೆ ತುಂಬಿದ್ದು ಕೆ.ಜಿ.ಗೆ 30 ಮಿ.ಲೀ. ಲೆಕ್ಕದಲ್ಲಿ ಗಾಳಿ, ಮನುಷ್ಯರಿಗೆ ಸುರಕ್ಷಿತ ಎನ್ನುವುದರ ಐದು ಪಟ್ಟು. ಬೇಕೆಂದೇ ಶ್ವಾಸಕೋಶವನ್ನು ಹಿಗ್ಗಿಸಿ ಹರಿಯುವಂತೆ ಮಾಡುವ ಏರ್ಪಾಡು. ಒಂದು ಗುಂಪಿನ ಗಾಳಿಗೆ ಶೇ 2 ಸಾರಜನಕವನ್ನೂ ಇನ್ನೊಂದಕ್ಕೆ ಶೇ 2 ಜಲಜನಕವನ್ನೂ ಬೆರೆಸಿದರು. ಎರಡು ಗಂಟೆಯ ನಂತರ ನೋಡಿದರೆ ಜಲಜನಕ ಎಳೆದವುಗಳ ಶ್ವಾಸಕೋಶದಲ್ಲಿ ನೀರು ಕಡಿಮೆ, ಉರಿಯೂತದ ಸಂಕೇತಗಳು ಕಡಿಮೆ, ಸತ್ತ ಜೀವಕೋಶಗಳು ಕಡಿಮೆ. ಅದೇ ಬಳಗ ಇಲಿಗಳಲ್ಲಿ ಶ್ವಾಸಕೋಶ ಕಸಿ ಮಾಡಿ, ದಾನಿಗೂ ಪಡೆದ ಇಲಿಗೂ ಜಲಜನಕ ಕೊಟ್ಟಾಗ ಕಸಿಯಾದ ಅಂಗ ಚೆನ್ನಾಗಿ ಕೆಲಸ ಮಾಡಿದ್ದನ್ನು ಕಂಡಿತು. 2013ರಲ್ಲಿ ಇಲಿಗಳನ್ನು 60 ಗಂಟೆ ಶೇ 98 ಆಮ್ಲಜನಕದಲ್ಲಿ ಇಟ್ಟರು. ಉಳಿದ ಶೇ 2 ಜಲಜನಕವಾಗಿದ್ದ ಗುಂಪಿಗೆ ಹಾನಿ ಕಡಿಮೆಯಾಯಿತು.

ಆಮೇಲೆ ಈ ಬಗೆಯ ಪ್ರಬಂಧಗಳ ಮಳೆಯೇ ಸುರಿಯಿತು. ಚೀನಾದ ಸಂಶೋಧಕರು ಕರುಳಿಗೆ ತೂತು ಮಾಡಿ ಸೋಂಕು ಹಬ್ಬಿಸಿದ ಇಲಿಗಳಿಗೆ ಜಲಜನಕ ಕೊಟ್ಟು, ಬದುಕುಳಿಯುವವು ಹೆಚ್ಚಾದವೆಂದು ಬರೆದರು. ಜಪಾನಿನಲ್ಲಿ ವಿಕಿರಣದಿಂದ ಸುಟ್ಟ ಶ್ವಾಸಕೋಶದ ಮೇಲೆ ಕೆಲಸ ನಡೆಯಿತು. ನಮ್ಮ ತೋಟ–ಹೊಲಗಳವರಿಗೆ ನೇರ ತಾಗುವ ಒಂದು ಪ್ರಯೋಗವೂ ಇದೆ: ಪ್ಯಾರಾಕ್ವಾಟ್. ಕಳೆನಾಶಕವೆಂದು ಇಲ್ಲಿ ಮಾರಾಟವಾಗುವ ಈ ವಿಷವನ್ನು ಕುಡಿದವರು ಎಷ್ಟು ಜನ ಎಂದು ಜಿಲ್ಲಾಸ್ಪತ್ರೆಯ ಯಾವ ವೈದ್ಯರನ್ನು ಕೇಳಿದರೂ ನಿಟ್ಟುಸಿರು ಬಿಡುತ್ತಾರೆ. ಅದು ಗಾಳಿಚೀಲದ ಜೀವಕೋಶಗಳೊಳಗೆ ಹೋಗಿ ಸೇರಿಕೊಂಡು, ಆಮ್ಲಜನಕವನ್ನು ಮತ್ತೆ ಮತ್ತೆ ಉಗ್ರ ಕಣವಾಗಿಸುತ್ತ ಹೋಗುತ್ತದೆ. ಉಸಿರಿಗೆ ಒದ್ದಾಡುವವರಿಗೆ ಆಮ್ಲಜನಕ ಹಚ್ಚಿದರೆ ಬೆಂಕಿಗೆ ಇನ್ನಷ್ಟು ಬಲ. ಪ್ರತಿವಿಷವಿಲ್ಲ. ಪ್ಯಾರಾಕ್ವಾಟ್ ಕೊಟ್ಟ ಇಲಿಗಳಿಗೆ ಜಲಜನಕ ಕರಗಿಸಿದ ನೀರು ಕುಡಿಸಿದಾಗ ಶ್ವಾಸಕೋಶದ ಹಾನಿ ತಗ್ಗಿತೆಂದು ಚೀನಾದಿಂದ 2011ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸುವ ತುರ್ತು ಜಪಾನಿಗಿಂತ ನಮಗೇ ಹೆಚ್ಚು.

ಇಷ್ಟು ಇಲಿಗಳು ಸಾಕ್ಷಿ ಹೇಳಿದರೂ ರಸಾಯನಶಾಸ್ತ್ರ ಬಲ್ಲವರು ತಲೆ ಅಲ್ಲಾಡಿಸುತ್ತಾರೆ, ಒಪ್ಪಿಗೆಯಿಂದಲ್ಲ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಾಳುವುದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಅಷ್ಟರಲ್ಲಿ ಪಕ್ಕದಲ್ಲಿ ಸಿಕ್ಕ ಪ್ರೋಟೀನನ್ನೋ ಕೊಬ್ಬನ್ನೋ ಹಿಡಿದುಬಿಟ್ಟಿರುತ್ತದೆ. ಜಲಜನಕದ ಜತೆ ಅದು ವರ್ತಿಸುವ ವೇಗ ಆ ಪ್ರೋಟೀನುಗಳ ಜತೆಗಿನದಕ್ಕಿಂತ ಸುಮಾರು ನೂರು ಪಟ್ಟು ಕಡಿಮೆ. ಮೇಲಾಗಿ ಜಲಜನಕ ನೀರಿನಲ್ಲಿ ಕರಗುವುದೇ ಅಷ್ಟಕ್ಕಷ್ಟೆ. ಶುದ್ಧ ಜಲಜನಕವನ್ನು ನೀರಿನ ಮೇಲೆ ಹಿಡಿದರೂ ಲೀಟರಿಗೆ 1.6 ಮಿ.ಗ್ರಾಂ, ಶೇ 2 ಎಳೆದರೆ ಅದರ ಐವತ್ತನೇ ಒಂದು ಪಾಲು. ಪ್ರೋಟೀನುಗಳ ಜನಜಂಗುಳಿಯಲ್ಲಿ ಇಷ್ಟು ವಿರಳವಾದ, ಇಷ್ಟು ನಿಧಾನದ ಅಣು ರ‍್ಯಾಡಿಕಲ್ಲನ್ನು ಮೊದಲು ಹಿಡಿಯುತ್ತದೆ ಎಂದರೆ ಲೆಕ್ಕ ಕೂಡುವುದಿಲ್ಲ.

ಈ ಆಕ್ಷೇಪ ನನಗೆ ಬಲವಾಗಿಯೇ ಕಾಣುತ್ತದೆ. ಹಾಗೆಂದು ಇಲಿಗಳಲ್ಲಿ ಕಂಡದ್ದು ಸುಳ್ಳಾಗಬೇಕಿಲ್ಲ, ಕಾರಣ ಬೇರೆ ಇರಬಹುದು. ಪಿಟ್ಸ್‌ಬರ್ಗ್‌ನ 2013ರ ಪ್ರಯೋಗದಲ್ಲೇ ಅದರ ಸುಳಿವಿತ್ತು. ಜೀವಕೋಶಗಳಲ್ಲಿ ಎನ್‌ಆರ್‌ಎಫ್–2 ಎಂಬ ಪ್ರೋಟೀನಿದೆ. ಅಪಾಯ ಬಂದಾಗ ಅದು ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಕಿಣ್ವಗಳ ಜೀನುಗಳನ್ನು ಎಬ್ಬಿಸುತ್ತದೆ. ಜಲಜನಕ ಎಳೆದ ಇಲಿಗಳಲ್ಲಿ ಆ ಕಿಣ್ವಗಳು ಏರಿದ್ದವು. ಎನ್‌ಆರ್‌ಎಫ್–2 ಇಲ್ಲದ ಪ್ರಾಣಿಗಳಲ್ಲಿ ಜಲಜನಕದ ರಕ್ಷಣೆ ಸಿಗಲಿಲ್ಲ. ಹಾಗಾದರೆ ಜಲಜನಕ ತಾನೇ ಬೆಂಕಿ ಆರಿಸುವುದಿಲ್ಲ, ಜೀವಕೋಶದ ಸ್ವಂತ ತಯಾರಿಯನ್ನು ಮುಂಚಿತವಾಗಿ ಎಬ್ಬಿಸುತ್ತದೆ. ಈ ‘ಮುಂಚಿತವಾಗಿ’ ಎಂಬುದರ ಮೇಲೆ ಮುಂದಿನ ಮಾತೆಲ್ಲ ನಿಂತಿದೆ.

ಅದಕ್ಕೆ ಮೊದಲು ಒಂದು ಗೊಂದಲ ಬಿಡಿಸಬೇಕು. ಜಲಜನಕಕ್ಕೆ ಮದ್ದಿನ ಗುಣವಲ್ಲದ ಇನ್ನೊಂದು ಗುಣವೂ ಇದೆ, ಹಗುರ. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಬೆರೆಸಿದರೆ ಬರುವ ಅನಿಲ ಗಾಳಿಯ ಅರ್ಧಕ್ಕಿಂತ ಕಡಿಮೆ ತೂಕದ್ದು. ಇಕ್ಕಟ್ಟಾದ ಶ್ವಾಸನಾಳದಲ್ಲಿ ಭಾರದ ಅನಿಲ ಸುಳಿ ಸುತ್ತುತ್ತದೆ, ಹಗುರದ್ದು ನುಣುಚಿಕೊಂಡು ಹೋಗುತ್ತದೆ. ಹೀಲಿಯಂ–ಆಮ್ಲಜನಕದ ಮಿಶ್ರಣವನ್ನು ಇದೇ ಕಾರಣಕ್ಕೆ ಅಮೆರಿಕದ ವೈದ್ಯ ಆಲ್ವನ್ ಬಾರಕ್ 1930ರ ದಶಕದಲ್ಲೇ ರೋಗಿಗಳಿಗೆ ಕೊಟ್ಟಿದ್ದರು. ಆಳ ಸಮುದ್ರಕ್ಕೆ ಇಳಿಯುವವರಿಗೂ ಹಗುರದ ಉಸಿರು ಬೇಕು. ಸ್ವೀಡನ್ನಿನ ಎಂಜಿನಿಯರ್ ಆರ್ನೆ ಜೆಟರ್‌ಸ್ಟ್ರೋಮ್ 1945ರಲ್ಲಿ ಜಲಜನಕ ಬೆರೆತ ಉಸಿರಿನೊಂದಿಗೆ 160 ಮೀಟರ್ ಮುಟ್ಟಿದರು. ಮೇಲೆತ್ತುವವರ ತಪ್ಪಿನಿಂದ ಪ್ರಾಣ ಬಿಟ್ಟರು, ಅನಿಲದ್ದೇನೂ ತಪ್ಪಿರಲಿಲ್ಲ. 1992ರಲ್ಲಿ ಫ್ರಾನ್ಸಿನ ಕಾಮೆಕ್ಸ್ ಸಂಸ್ಥೆಯ ಒತ್ತಡದ ಕೋಣೆಯಲ್ಲಿ ಒಬ್ಬ ಮುಳುಗುಗಾರ ಜಲಜನಕದ ಮಿಶ್ರಣ ಉಸಿರಾಡುತ್ತ 701 ಮೀಟರ್ ಆಳದ ಒತ್ತಡ ತಡೆದುಕೊಂಡ. ಜಲಜನಕ ಉಸಿರಾಡಿದರೆ ವಿಷವೇನೂ ಅಲ್ಲ ಎಂಬುದಕ್ಕೆ ಇವರೇ ಹಳೆಯ ಸಾಕ್ಷಿಗಳು.

ಈಗ ಚೀನಾದ ಕೋವಿಡ್ ಕಥೆಗೆ ಬರೋಣ. 2020ರ ಮಾರ್ಚಿನಲ್ಲಿ ಹೊರಬಂದ ಅಲ್ಲಿನ ಸರ್ಕಾರಿ ಚಿಕಿತ್ಸಾ ಸೂಚಿಯ ಏಳನೇ ಆವೃತ್ತಿ, ಅನುಕೂಲವಿದ್ದಲ್ಲಿ ಜಲಜನಕ–ಆಮ್ಲಜನಕದ ಮಿಶ್ರಣ ಕೊಡಬಹುದೆಂದು ಹೇಳಿತು. ನೀರನ್ನು ವಿದ್ಯುತ್ತಿನಿಂದ ಒಡೆದು, ಹುಟ್ಟಿದ ಎರಡೂ ಅನಿಲಗಳನ್ನು ನಿಮಿಷಕ್ಕೆ ಕೆಲವು ಲೀಟರಿನಂತೆ ಮೂಗಿಗೆ ಬಿಡುವ ಯಂತ್ರ ಇದಕ್ಕೆ ಬಳಕೆಯಾಯಿತು. ಹೆಸರಾಂತ ಶ್ವಾಸಕೋಶ ತಜ್ಞ ಝೊಂಗ್ ನಾನ್‌ಶಾನ್ ಅವರ ಬೆಂಬಲವೂ ಇತ್ತು. ಆ ಯಂತ್ರವನ್ನು ಪರೀಕ್ಷಿಸಿದ ಅಧ್ಯಯನದಲ್ಲಿದ್ದವರು 90 ಕೋವಿಡ್ ರೋಗಿಗಳು. ಮಿಶ್ರಣ ಎಳೆದ 44 ಜನರಿಗೆ ಏದುಸಿರು, ಎದೆನೋವು, ಕೆಮ್ಮು ಬೇಗ ಇಳಿಯಿತು. ಆದರೆ ಯಾರಿಗೆ ಯಾವುದು ಕೊಡುತ್ತಿದ್ದಾರೆಂದು ರೋಗಿಗೂ ಗೊತ್ತು, ವೈದ್ಯರಿಗೂ ಗೊತ್ತು. ಹೊಸ ಯಂತ್ರ ತಂದು ಹಾಸಿಗೆ ಪಕ್ಕ ಇಟ್ಟರೆ ಹಾಯೆನಿಸದವರು ಯಾರು?

ಆ ಕೊರತೆ ತುಂಬಿದ್ದು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಉಲ್ಬಣಿಸಿದ 108 ರೋಗಿಗಳ ಇನ್ನೊಂದು ಅಧ್ಯಯನ, 2021ರದ್ದು. ಇಲ್ಲಿ ಯಾರಿಗೆ ಏನು ಎಂದು ಎರಡೂ ಕಡೆಯವರಿಗೆ ತಿಳಿಯದಂತೆ ನಡೆಸಿದ್ದರು. ಏದುಸಿರು, ಕೆಮ್ಮು, ಕಫಗಳ ಅಂಕ ಜಲಜನಕದ ಗುಂಪಿನಲ್ಲಿ ಚೆನ್ನಾಗಿ ಇಳಿಯಿತು. ಆದರೆ ಶ್ವಾಸಕೋಶದ ಸಾಮರ್ಥ್ಯ, ರಕ್ತದ ಆಮ್ಲಜನಕ ಇವುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ನಾನು ಇದನ್ನು ಓದುವುದು ಹೀಗೆ: ಹಗುರದ ಅನಿಲ ಉಸಿರೆಳೆಯುವ ಶ್ರಮವನ್ನು ಇಳಿಸಿತು. ಬಳಲುವವರಿಗೆ ಅದೇನು ಸಣ್ಣ ಉಪಕಾರವಲ್ಲ. ಆದರೆ ಶ್ವಾಸಕೋಶದ ಗಾಯ ಮಾಯಿತೆಂಬುದಕ್ಕೆ ಅದು ಪುರಾವೆಯಾಗದು. ಹಗುರದ ಕೆಲಸವನ್ನು ಮದ್ದಿನ ಲೆಕ್ಕಕ್ಕೆ ಬರೆಯುವುದು ಈ ಕ್ಷೇತ್ರದಲ್ಲಿ ಪದೇ ಪದೇ ನಡೆದಿದೆ.

ಎಚ್ಚರಕ್ಕೆ ಹಳೆಯ ಎರಡು ಉದಾಹರಣೆ ಸಾಕು. ನೈಟ್ರಿಕ್ ಆಕ್ಸೈಡ್ ಕೂಡ ಉಸಿರಿನಲ್ಲಿ ಕೊಡುವ ಅನಿಲವೇ. ನವಜಾತ ಶಿಶುಗಳ ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆ ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಸಿಕ್ಕಿತು, ಇಂದಿಗೂ ಬಳಕೆಯಲ್ಲಿದೆ. ಎಆರ್‌ಡಿಎಸ್‌ನ ದೊಡ್ಡವರಿಗೆ ಕೊಟ್ಟಾಗ ರಕ್ತದ ಆಮ್ಲಜನಕ ಏನೋ ಏರಿತು, ಸಾವು ಇಳಿಯಲಿಲ್ಲ. ಇನ್ನು ವಿಟಮಿನ್ ಸಿ. ಪ್ರಾಣಿಗಳಲ್ಲಿ ಸೊಗಸಾಗಿ ಕೆಲಸ ಮಾಡಿದ ಆ್ಯಂಟಿಆಕ್ಸಿಡೆಂಟ್ ಅದು. ರಕ್ತಸೋಂಕಿನಿಂದ ಐಸಿಯು ಸೇರಿದ 872 ಜನರ ಅಧ್ಯಯನ 2022ರಲ್ಲಿ ಹೊರಬಂತು. ಸತ್ತವರು ಅಥವಾ ಅಂಗಗಳು ಕೈಕೊಟ್ಟೇ ಉಳಿದವರು ವಿಟಮಿನ್ ಪಡೆದ ಗುಂಪಿನಲ್ಲಿ ಶೇ 44.5, ಪಡೆಯದ ಗುಂಪಿನಲ್ಲಿ ಶೇ 38.5. ನಿರುಪದ್ರವಿ ಎಂದುಕೊಂಡದ್ದು ಕೆಡುಕನ್ನೇ ಮಾಡಿತ್ತು.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಯಾಕೆ ಸೋಲುತ್ತದೆ? ಕಾರಣ ಹಲವು, ನನಗೆ ಮುಖ್ಯವೆನಿಸುವುದು ಗಡಿಯಾರ. ಪಿಟ್ಸ್‌ಬರ್ಗ್‌ನಲ್ಲಿ ವೆಂಟಿಲೇಟರ್ ಶುರುವಾದ ಗಳಿಗೆಯಿಂದಲೇ ಜಲಜನಕ ಹರಿಯುತ್ತಿತ್ತು. ಸೋಂಕಿನ ಇಲಿಗಳಿಗೆ ಶಸ್ತ್ರಕ್ರಿಯೆಯಾದ ಒಂದು ಗಂಟೆಗೇ ಮೊದಲ ಕಂತು ಸಿಕ್ಕಿತ್ತು. ನಮ್ಮ ರೋಗಿ ಬರುವುದು ಹಾಗಲ್ಲ. ಜ್ವರಕ್ಕೆ ಮೂರು ದಿನ ಮೆಡಿಕಲ್ ಶಾಪಿನ ಮಾತ್ರೆ, ನಾಲ್ಕನೇ ದಿನ ಊರಿನ ಕ್ಲಿನಿಕ್, ಆಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಜಿಲ್ಲಾಕೇಂದ್ರ. ಐಸಿಯು ಬಾಗಿಲಿಗೆ ಬರುವ ಹೊತ್ತಿಗೆ ಗಾಳಿಚೀಲಗಳಲ್ಲಿ ನೀರು ನಿಂತಿರುತ್ತದೆ, ಬಿಳಿಕಣಗಳ ದಾಳಿ ಮುಗಿದಿರುತ್ತದೆ. ಆಗ ಜೀವಕೋಶದ ರಕ್ಷಣೆಯನ್ನು ಎಬ್ಬಿಸಲು ಹೋಗುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಆದ್ದರಿಂದ ಜಲಜನಕಕ್ಕೆ ಐಸಿಯುವಿನ ಕೊನೆಗಾಲದ ರೋಗಿಯನ್ನು ಒಪ್ಪಿಸುವ ಬದಲು, ಏಟು ಯಾವಾಗ ಬೀಳುತ್ತದೆಂದು ವೈದ್ಯರಿಗೆ ಮೊದಲೇ ಗೊತ್ತಿರುವ ಕಡೆ ಅದನ್ನು ಪರೀಕ್ಷಿಸಬೇಕು. ಹೃದಯವನ್ನು ನಿಲ್ಲಿಸಿ ಯಂತ್ರದಿಂದ ರಕ್ತ ಹರಿಸುವ ಶಸ್ತ್ರಚಿಕಿತ್ಸೆ. ಎದೆಗೆ ಕೊಡುವ ವಿಕಿರಣ. ನಿಂತ ಹೃದಯ ಮತ್ತೆ ಬಡಿದ ಮೊದಲ ಗಂಟೆಗಳು. ಈ ಕೊನೆಯದನ್ನು ಜಪಾನಿನವರು ಮಾಡಿ ನೋಡಿದ್ದಾರೆ. ಹೃದಯ ನಿಂತು ಬದುಕಿಬಂದ 73 ಜನರಿಗೆ 15 ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಮೂಲಕ 18 ಗಂಟೆ ಶೇ 2 ಜಲಜನಕ ಅಥವಾ ಬರೀ ಆಮ್ಲಜನಕ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. 90 ದಿನಕ್ಕೆ ಬದುಕಿದ್ದವರು ಜಲಜನಕದ ಗುಂಪಿನಲ್ಲಿ ಶೇ 85, ಇನ್ನೊಂದರಲ್ಲಿ ಶೇ 61. ಕೇಳಲು ಬೆರಗಿನ ಅಂಕಿ. ಆದರೆ ಮೊದಲೇ ಘೋಷಿಸಿದ್ದ ಮುಖ್ಯ ಅಳತೆ, ಅಂದರೆ ಮಿದುಳು ಚೆನ್ನಾಗಿ ಉಳಿದವರ ಪ್ರಮಾಣ, ಶೇ 56ಕ್ಕೆ ಶೇ 39 ಇದ್ದು, ಕಾಕತಾಳೀಯವಲ್ಲ ಎನ್ನುವಷ್ಟು ಗಟ್ಟಿಯಾಗಲಿಲ್ಲ. ಕೋವಿಡ್ ಬಂದು ಅಧ್ಯಯನ ಅರ್ಧಕ್ಕಿಂತ ಮೊದಲೇ ನಿಂತಿತ್ತು. ಇದು ಮಿದುಳಿನ ಕಥೆಯೇ ಹೊರತು ಶ್ವಾಸಕೋಶದ್ದಲ್ಲ. ಆದರೂ ಸಮಯಕ್ಕೆ ಕೊಟ್ಟರೆ ಏನಾದೀತು ಎಂಬುದಕ್ಕೆ ಮನುಷ್ಯರಲ್ಲಿ ಸಿಕ್ಕ ಒಳ್ಳೆಯ ಸುಳಿವು.

ಬೆಂಕಿಯ ಮಾತು ಬಿಡುವಂತಿಲ್ಲ. ಸತುವಿನ ಚೂರಿಗೆ ಆಮ್ಲ ಸುರಿದು, ಉರಿಯುವ ಕಡ್ಡಿ ಹಿಡಿದಾಗ ‘ಪಟ್’ ಎಂದದ್ದು ಹೈಸ್ಕೂಲು ದಾಟಿದವರಿಗೆ ನೆನಪಿರುತ್ತದೆ. ಗಾಳಿಯಲ್ಲಿ ಜಲಜನಕ ಶೇ 4ರಿಂದ 75ರವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕಿಡಿ 0.02 ಮಿಲಿಜೂಲ್. ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಚಟ ಎನ್ನುವ ಕಿಡಿಗೂ ಅದಕ್ಕಿಂತ ಹೆಚ್ಚು ಶಕ್ತಿಯಿರಬಲ್ಲದು. ಪ್ರಯೋಗಾಲಯದವರು ಶೇ 2ರ ಸುತ್ತಮುತ್ತ ಇರುವುದು ಇದೇ ಕಾರಣಕ್ಕೆ. ಬಾಸ್ಟನ್ ಮಕ್ಕಳ ಆಸ್ಪತ್ರೆಯವರು ಎಂಟು ಆರೋಗ್ಯವಂತರಿಗೆ ಶೇ 2.4 ಜಲಜನಕವನ್ನು ಒಂದರಿಂದ ಮೂರು ದಿನ ಸತತವಾಗಿ ಕೊಟ್ಟು, ತೊಂದರೆಯಾಗಲಿಲ್ಲವೆಂದು 2021ರಲ್ಲಿ ಬರೆದರು. ಚೀನಾದ ಯಂತ್ರ ಬಿಡುವುದಾದರೋ ಶೇ 66ರ ಮಿಶ್ರಣ, ಅಕ್ಷರಶಃ ಸಿಡಿಯುವ ಅನಿಲ. ಜಪಾನಿನಲ್ಲಿ ಮನೆಬಳಕೆಯ ಇಂಥ ಯಂತ್ರಗಳು ಸಿಡಿದ ವರದಿಗಳಿವೆ. ಪೂಜೆಯ ದೀಪ, ಗ್ಯಾಸ್ ಒಲೆ, ಸೊಳ್ಳೆಬತ್ತಿ ಇರುವ ನಮ್ಮ ಮನೆಗಳಿಗೆ ಅದನ್ನು ತರುವ ಮಾತು ಯಾರಾದರೂ ಆಡಿದರೆ ಕೈಮುಗಿದು ಕಳಿಸುವುದು ಲೇಸು.

ನೀರಿನದ್ದು ಅಷ್ಟು ಅಪಾಯದ ವ್ಯಾಪಾರವಲ್ಲ, ಜೇಬಿಗಷ್ಟೇ ಪೆಟ್ಟು. ಲೀಟರಿಗೆ 1.6 ಮಿ.ಗ್ರಾಂ ದಾಟದ ಅನಿಲ, ಮುಚ್ಚಳ ತೆಗೆದೊಡನೆ ಹಾರಲು ಶುರು. ಕುಡಿದದ್ದರಲ್ಲೂ ಬಹುಪಾಲು ಉಸಿರಿನಲ್ಲಿ ಹೊರಹೋಗುತ್ತದೆ. ಇಂಥದ್ದು ದಂಧೆಯಾಗಲು, ಅತ್ತ ಗಂಭೀರ ಅಧ್ಯಯನ ಕುಂಟಲು ಕಾರಣ ಒಂದೇ. ಜಲಜನಕದ ಅಣುವಿಗೆ ಪೇಟೆಂಟ್ ಇಲ್ಲ. ಸಾವಿರ ರೋಗಿಗಳ ಅಧ್ಯಯನಕ್ಕೆ ಹಣ ಹಾಕುವ ಔಷಧ ಕಂಪನಿಗೆ ಅದರಲ್ಲಿ ಲಾಭ ಕಾಣುವುದಿಲ್ಲ. ಲಾಭ ಇರುವುದು ಯಂತ್ರ ಮಾರುವವರಿಗೆ. ಅವರಿಗೆ 90 ಜನರ ಅಧ್ಯಯನವೇ ಜಾಹೀರಾತಿಗೆ ಧಾರಾಳ.

ನನ್ನನ್ನು ಕೇಳಿದರೆ ಮೊದಲ ನಿಜವಾದ ಪರೀಕ್ಷೆಗೆ ತಕ್ಕ ಜಾಗ ಕಸಿಯ ಶಸ್ತ್ರಚಿಕಿತ್ಸಾ ಕೊಠಡಿ. ದಾನಿಯಿಂದ ತೆಗೆದ ಶ್ವಾಸಕೋಶವನ್ನು ಈಗ ನೇರ ರೋಗಿಯ ಎದೆಗೆ ಇಡದೆ, ಮುಚ್ಚಿದ ಗುಮ್ಮಟದೊಳಗೆ ದೇಹದ ಬಿಸಿಯಲ್ಲಿಟ್ಟು, ದ್ರವ ಹರಿಸಿ, ಉಸಿರಾಡಿಸಿ ಕೆಲವು ಗಂಟೆ ಪರೀಕ್ಷಿಸುವ ವಿಧಾನ ಇದೆ. ಟೊರಾಂಟೊದ ವೈದ್ಯರು 2011ರಲ್ಲಿ ಇದು ಮನುಷ್ಯರಲ್ಲಿ ಸಾಧ್ಯವೆಂದು ತೋರಿಸಿದರು. ಹಂದಿಗಳ ಶ್ವಾಸಕೋಶವನ್ನು ಹೀಗೆ ಇಟ್ಟು ಜಲಜನಕ ಊದಿದ ಪ್ರಯೋಗಗಳು ಕೊರಿಯಾದಲ್ಲಿ ನಡೆದು, ಫಲ ಚೆನ್ನಾಗಿದೆಯೆಂದು ವರದಿಯಾಗಿವೆ. ಅಲ್ಲಿ ಏಟು ಬೀಳುವ ಗಳಿಗೆ ಖಚಿತ, ರಕ್ತ ಮತ್ತೆ ಹರಿಯುವ ಆ ನಿಮಿಷ. ಜಲಜನಕಕ್ಕೆ ಕೆಲಸ ಮಾಡಲು ಅದಕ್ಕೆ ಮೊದಲು ಗಂಟೆಗಳಷ್ಟು ಸಮಯವಿದೆ. ಶೇ 2ನ್ನು ಬಿಗಿಯಾಗಿ ಕಾಯಬಹುದು, ಕಿಡಿಯ ಹೆದರಿಕೆಗೆ ಹಾಸಿಗೆಯಲ್ಲಿ ರೋಗಿಯೇ ಇರುವುದಿಲ್ಲ. ಒಂದೇ ದಾನಿಯ ಎರಡು ಶ್ವಾಸಕೋಶ ಇಬ್ಬರು ರೋಗಿಗಳಿಗೆ ಹೋಗುವುದಾದರೆ ಒಂದಕ್ಕೆ ಜಲಜನಕ, ಇನ್ನೊಂದಕ್ಕೆ ಸಾರಜನಕ ಊದಿ, ಮೂರು ದಿನದ ಮೇಲೆ ಯಾವುದರಲ್ಲಿ ನೀರು ಕಡಿಮೆ ನಿಂತಿದೆಯೆಂದು ಎಕ್ಸ್‌ರೇ ತೆಗೆದು ನೋಡಬಹುದು.